ನೆಲ ನೋಡಿ ಗಿಡ ನೆಟ್ಟ ಅನುಭವ

ಪಶ್ಚಿಮ ಘಟ್ಟದ ಪೂರ್ವದ ಇಳಿಜಾರು ಬಯಲಿಗೆ ಇಳಿಯುವ ಅಂಚಿನಲ್ಲಿ, ಬೇಸಾಯವೂ ಇಲ್ಲದೆ ಕಾವಲೂ ಇಲ್ಲದೆ ಬಹುಕಾಲ ಬಿದ್ದಿದ್ದ ಒಂದು ಜಮೀನಿನಲ್ಲಿ ಸ್ಥಳೀಯ ಜಾತಿಯ ಮರಗಳನ್ನು ಮತ್ತೆ ತರುವ ಕೆಲಸಕ್ಕೆ ನಾವು ಕೆಲವು ಗೆಳೆಯರು ಸೇರಿ ಕೈಹಾಕಿದೆವು. ಕೆಳಗೆ ಹಳ್ಳ, ಹಳ್ಳದ ಎರಡೂ ದಡಗಳಲ್ಲಿ ಹಿಂದಿನ ಕಾಡಿನಿಂದ ಉಳಿದುಕೊಂಡ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ, ಕಾಡುಮಾವಿನ ದೊಡ್ಡ ಮರಗಳು. ನಡುವಿನ ಇಳಿಜಾರಿನಲ್ಲಿ ಆಳೆತ್ತರದ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಎಂಬ, ಹೊರಗಿನಿಂದ ಬಂದು ಹಬ್ಬಿದ ಕಳೆಪೊದೆಗಳು. ನೆತ್ತಿಯಲ್ಲಿ ಹುಲ್ಲುಗಾವಲು, ಅದರ ನಡುವೆ ದೂರದೂರಕ್ಕೆ ನಿಂತ ಕವಲು, ನೆಲ್ಲಿ, ಹೊನ್ನೆ, ಮುತ್ತುಗ. ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ ಆಗಿತ್ತು: ಮುಂಗಾರಿಗೆ ಮುಂಚೆ ಉದ್ದಕ್ಕೂ ಗುಂಡಿ ತೋಡಿಸಿ, ಆರಿದ್ರ ಮಳೆಗೆ ಸಸಿ ಇಟ್ಟುಬಿಡಿ. ನಾವು ಹಾಗೆ ಮಾಡಲಿಲ್ಲ. ಮೊದಲ ಮಳೆಗಾಲದಲ್ಲಿ ಒಂದು ಸಸಿಯನ್ನೂ ನೆಡದೆ, ಅಲ್ಲಿ ಏನಿದೆ, ಏನು ಹೋಗಿದೆ, ಏನು ತಾನಾಗಿ ಮರಳಬಲ್ಲದು ಎಂಬುದನ್ನು ನೋಡುವುದಕ್ಕೇ ಆ ಕಾಲವನ್ನು ಮೀಸಲಿಟ್ಟೆವು. ಈ ಕೆಲಸದಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ಅತಿ ಮುಖ್ಯವಾದದ್ದು ಅದೇ ಎಂದು ನಾನು ಇಂದಿಗೂ ನಂಬುತ್ತೇನೆ.

ಏಕೆಂದರೆ ಮರ ಕಡಿಮೆ ಇರುವ ನೆಲವೆಲ್ಲ ಹಾಳಾದ ಕಾಡಲ್ಲ. ಉಷ್ಣವಲಯದಲ್ಲಿ ಹುಲ್ಲು ಮತ್ತು ಮರ ಒಟ್ಟಿಗೆ ಬಾಳುವ ಸವನ್ನಾ ಎಂಬ ನೆಲವರ್ಗವೇ ಇದೆ. ಬಿಸಿಲನ್ನು ಬಯಸುವ ಅಲ್ಲಿನ ಹುಲ್ಲುಗಳು ಹಲವು ದಶಲಕ್ಷ ವರ್ಷಗಳ ಹಿಂದೆಯೇ ಭೂಮಿಯ ಮೇಲೆ ಹರಡಿಕೊಂಡವು. ಮನುಷ್ಯ ಕಾಡು ಕಡಿದದ್ದರಿಂದ ಅವು ಹುಟ್ಟಿದವಲ್ಲ. ಭಾರತದ ಪರ್ಯಾಯ ದ್ವೀಪದಲ್ಲಿ ಎಲೆ ಉದುರುವ ಕಾಡು ಎಂದು ವಸಾಹತು ಕಾಲದ ಅರಣ್ಯಶಾಸ್ತ್ರ ವರ್ಗೀಕರಿಸಿದ ಎಷ್ಟೋ ಪ್ರದೇಶಗಳು ನಿಜದಲ್ಲಿ ಸವನ್ನಾಗಳೇ ಎಂದು ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮುಂತಾದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದ್ದಾರೆ. ಗೊಂದಲಕ್ಕೆ ಲೆಕ್ಕದ ವಿಧಾನವೂ ಒಂದು ಕಾರಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ, ಅರ್ಧ ಹೆಕ್ಟೇರಿಗಿಂತ ದೊಡ್ಡದಾದ ಜಾಗದಲ್ಲಿ 5 ಮೀಟರ್‌ಗಿಂತ ಎತ್ತರದ ಮರಗಳ ನೆತ್ತಿ ಶೇಕಡಾ 10ಕ್ಕಿಂತ ಹೆಚ್ಚು ನೆಲವನ್ನು ಮುಚ್ಚಿದರೆ ಅದು ಕಾಡು. ಹಾಗೆ ಎಣಿಸಿದಾಗ ಆರೋಗ್ಯವಾಗಿರುವ ಸವನ್ನಾ ಕೂಡ ಕಳಪೆ ಕಾಡಾಗಿ ಕಾಣುತ್ತದೆ. ಕಳಪೆ ಎಂದು ಕಂಡೊಡನೆ ಅದನ್ನು ಮರಗಳಿಂದ ತುಂಬಿಸುವ ಉತ್ಸಾಹವೂ ಹುಟ್ಟುತ್ತದೆ.

ನಮ್ಮ ನೆತ್ತಿಯ ಹುಲ್ಲುಗಾವಲು ಯಾವುದೆಂದು ತಿಳಿಯಲು ಮೊದಲು ಹುಲ್ಲನ್ನೇ ನೋಡಿದೆವು. ಕಳೆಯಂತೆ ಒಂದೇ ವರ್ಷ ಬಾಳಿ ಸಾಯುವ ಹುಲ್ಲುಗಳಿಗಿಂತ, ವರ್ಷವರ್ಷವೂ ಅದೇ ಬುಡದಿಂದ ಚಿಗುರುವ ತೆಂಡೆ ಹುಲ್ಲುಗಳು ಅಲ್ಲಿ ಹೆಚ್ಚಾಗಿದ್ದವು: ಥೀಮೆಡ, ಮಜ್ಜಿಗೆ ಹುಲ್ಲಿನ ಕುಲದವು, ಬಟ್ಟೆಗೆ ಈಟಿಯಂತೆ ಚುಚ್ಚಿಕೊಳ್ಳುವ ಬೀಜದ ಹೆಟೆರೊಪೋಗನ್. ಇಂತಹ ಹುಲ್ಲುಗಳು ಉಳುಮೆಯಾದ ಅಥವಾ ಇತ್ತೀಚೆಗೆ ಕಾಡು ಕಡಿದ ಜಾಗದಲ್ಲಿ ಬೇಗನೆ ನೆಲೆಗೊಳ್ಳುವುದಿಲ್ಲ. ಮಳೆ ಬಿದ್ದ ಮೇಲೆ ಹುಲ್ಲಿನ ನಡುವೆ ಗೆಡ್ಡೆಗಳಿಂದ ಎದ್ದ ಸಣ್ಣ ಹೂಗಿಡಗಳ ಸಾಲೇ ಕಾಣಿಸಿತು. ಅಲ್ಲಿನ ಮರಗಳ ತೊಗಟೆ ದಪ್ಪವಾಗಿ, ಬಿರುಕುಬಿಟ್ಟು, ಬೆಂಕಿಯನ್ನು ತಡೆದುಕೊಳ್ಳುವಂತಿತ್ತು. ಇದಕ್ಕೆ ಎದುರಾಗಿ ನಡುವಿನ ಇಳಿಜಾರಿನ ಲಂಟಾನದ ಅಡಿಯಲ್ಲಿ ನೆರಳಿನ ಜಾತಿಯ ಮರಗಳ ಕೊಳೆತ ಬೊಡ್ಡೆಗಳೂ ದಪ್ಪ ಬಳ್ಳಿಗಳ ಬುಡಗಳೂ ಸಿಕ್ಕವು. ಮಣ್ಣಿನ ಮೇಲ್ಪದರವೂ ಹಳ್ಳದ ದಡದ ಮಣ್ಣಿನಂತೆಯೇ ಕಪ್ಪಾಗಿತ್ತು. ಹೀಗೆ ಒಂದೇ ಜಮೀನಿನಲ್ಲಿ ಕಾಡಾಗಿದ್ದು ಹಾಳಾದ ಭಾಗವೂ, ಎಂದೂ ದಟ್ಟ ಕಾಡಾಗಿರದ ಭಾಗವೂ ಇದ್ದವು. ಎರಡಕ್ಕೂ ಒಂದೇ ಚಿಕಿತ್ಸೆ ಸಲ್ಲದು ಎಂಬುದು ಸ್ಪಷ್ಟವಾಯಿತು.

ಆ ಸುತ್ತಿನಲ್ಲಿ ದನ ಕಾಯುತ್ತಿದ್ದ ಅಜ್ಜನೊಬ್ಬರು ನಮ್ಮ ಅಳತೆ ಹಗ್ಗಗಳನ್ನು ಕೆಲವು ದಿನ ದೂರದಿಂದಲೇ ನೋಡಿ, ಕೊನೆಗೆ ಹತ್ತಿರ ಬಂದು, ಮೊಣಕಾಲೆತ್ತರಕ್ಕೂ ಬೆಳೆಯದ ಒಂದು ಹೊನ್ನೆಯ ಕುಡಿಯನ್ನು ಕೋಲಿನಿಂದ ತೋರಿಸಿದರು. ‘ಇದು ನಿಮ್ಮ ಕಣ್ಣಿಗೆ ಎಳೇ ಗಿಡ ಸ್ವಾಮಿ. ಅಗೆದು ನೋಡಿ, ಬೇರು ನನ್ನ ತೋಳಿನಷ್ಟಿರ್ತದೆ. ಎರಡು ವರ್ಷ ದನ ಬಾಯಿ ಹಾಕದಂಗೆ ನೋಡ್ಕಳಿ, ಆಮೇಲೆ ಹೇಳಿ.’ ಅಗೆದು ನೋಡಿದೆವು. ಅವರ ಮಾತಿನಂತೆಯೇ ಇತ್ತು. ಬೆಂಕಿಯಿಂದಲೋ ಮೇವಿನಿಂದಲೋ ಪ್ರತಿ ಬೇಸಿಗೆಯಲ್ಲೂ ಮೇಲಿನ ಕುಡಿ ಸಾಯುತ್ತದೆ, ಬೇರು ಮಾತ್ರ ದಪ್ಪವಾಗುತ್ತ ಹೋಗುತ್ತದೆ, ಒಂದು ವರ್ಷ ಬಿಡುವು ಸಿಕ್ಕಿದರೆ ಆ ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಕಾಂಡ ಒಮ್ಮೆಗೇ ಮೇಲೆದ್ದು ಬೆಂಕಿಯ ಎಟುಕಿನಿಂದ ಆಚೆ ಹೋಗುತ್ತದೆ. ಸವನ್ನಾದ ಮರಗಳು ಬದುಕುವ ರೀತಿಯೇ ಇದು. ನರ್ಸರಿಯಿಂದ ತಂದ ಯಾವ ಸಸಿಯೂ ಇಂತಹ ಬೇರಿನೊಡನೆ ಪೈಪೋಟಿ ಮಾಡಲಾರದು.

ಆ ಮಾತಿನ ನಂತರ ಹತ್ತು ಮೀಟರ್ ಚೌಕಗಳನ್ನು ಗುರುತಿಸಿ, ಅವುಗಳೊಳಗಿನ ಪ್ರತಿಯೊಂದು ಮರದ ಕುಡಿ, ಬೊಡ್ಡೆಯ ಚಿಗುರು ಮತ್ತು ಬೇರಿನಿಂದ ಎದ್ದ ಮರಿಗೆ ಬಣ್ಣದ ದಾರ ಕಟ್ಟಿ ಎಣಿಸಿದೆವು. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಕಾಡು ಪುನಶ್ಚೇತನ ಸಂಶೋಧನಾ ಘಟಕದವರು ಇದಕ್ಕೆ ಒಂದು ಉಪಯುಕ್ತ ಅಳತೆಯನ್ನು ಕೊಟ್ಟಿದ್ದಾರೆ: ಹೆಕ್ಟೇರಿಗೆ ಸುಮಾರು 3,100ಕ್ಕಿಂತ ಹೆಚ್ಚು ಸಹಜ ಮರಿಗಿಡಗಳಿದ್ದು, ಅವುಗಳಲ್ಲಿ ಸುಮಾರು 30 ಜಾತಿಗಳಾದರೂ ಇದ್ದರೆ, ಅಲ್ಲಿ ನೆಡುವ ಅಗತ್ಯವಿಲ್ಲ, ಇರುವುದನ್ನು ಕಾಪಾಡಿದರೆ ಸಾಕು. ಅದಕ್ಕಿಂತ ಕಡಿಮೆ ಇದ್ದಲ್ಲಿ ಕೊರತೆಯಷ್ಟನ್ನು ಮಾತ್ರ ನೆಟ್ಟು ತುಂಬಬೇಕು. ಆ ಅಂಕಿಯನ್ನು ನಮ್ಮ ಒಣ ಇಳಿಜಾರಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೂ ಎಣಿಸದೆ ನೆಡಬಾರದು ಎಂಬ ಅದರ ಹಿಂದಿನ ಶಿಸ್ತು ಎಲ್ಲಿಗಾದರೂ ಹೊಂದುತ್ತದೆ. ಹಳ್ಳದ ದಡದಲ್ಲಿ ಮರಿಗಿಡಗಳು ಸಾಕಷ್ಟಿದ್ದವು, ಜಾತಿಗಳು ಕಡಿಮೆ. ನಡುವಿನ ಇಳಿಜಾರಿನಲ್ಲಿ ಎರಡೂ ಕಡಿಮೆ. ನೆತ್ತಿಯಲ್ಲಿ ಕೊರತೆ ಎಂಬುದೇ ಇರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಬಿಡುವು.

ಕೆಲಸ ಆರಂಭವಾದದ್ದು ಲಂಟಾನದಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಈ ಅಮೆರಿಕ ಮೂಲದ ಪೊದೆ ಇಂದು ದಕ್ಷಿಣದ ಕಾಡುಗಳ ನೆಲವನ್ನು ಎಷ್ಟು ಆಕ್ರಮಿಸಿದೆಯೆಂದರೆ, ಅದಿಲ್ಲದ ಕಾಡಿನ ಅಂಚನ್ನು ಹುಡುಕಿಕೊಂಡು ಹೋಗಬೇಕು. ಮೇಲಿನಿಂದ ಸವರಿದರೆ ಅದು ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ದೆಹಲಿಯ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದ ಬೇರು ಕಡಿಯುವ ವಿಧಾನವನ್ನು ನಾವು ಅನುಸರಿಸಿದೆವು. ಬುಡದ ಸುತ್ತಲಿನ ಮಣ್ಣನ್ನು ಹೆಚ್ಚು ಕೆದಕದೆ, ಚಿಗುರು ಹೊರಡುವ ಗಂಟಿನಿಂದ ಕೆಳಗೆ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸುವುದು ಆ ವಿಧಾನ. ಬೇರಿನ ಕಡಿದ ತುದಿ ಮೇಲಕ್ಕಿರುವುದರಿಂದ ಅದು ಮತ್ತೆ ಮಣ್ಣು ಹಿಡಿಯುವುದಿಲ್ಲ. ಹಾರೆ, ಸಣ್ಣ ಪಿಕಾಸಿ, ಕತ್ತಿ, ಇಷ್ಟೇ ಉಪಕರಣ. ಯಂತ್ರ ತರಿಸಿ ಒಂದೇ ಬಾರಿಗೆ ಬಳಿದುಹಾಕಬಹುದಿತ್ತು. ಆದರೆ ಯಂತ್ರ ಮಣ್ಣನ್ನು ಬಗ್ಗಡ ಮಾಡುತ್ತದೆ, ಲಂಟಾನದ ಒಳಗೆ ಅಡಗಿ ದನದ ಬಾಯಿಯಿಂದ ತಪ್ಪಿಸಿಕೊಂಡು ಬೆಳೆಯುತ್ತಿರುವ ಬೀಟೆ, ನೇರಳೆ, ಬಿಲ್ವಾರದ ಮರಿಗಳನ್ನೂ ಅದರೊಂದಿಗೇ ಕಿತ್ತುಬಿಡುತ್ತದೆ. ಕೈಯಿಂದ ತೆಗೆದಾಗ ಅಂತಹ ಮರಿಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕವು. ಪ್ರತಿಯೊಂದರ ಪಕ್ಕದಲ್ಲೂ ಒಂದು ಗೂಟ ನೆಟ್ಟು ಉಳಿಸಿಕೊಂಡೆವು.

ತೆಗೆದ ಮೇಲೆ ಕೆಲಸ ಮುಗಿಯುವುದಿಲ್ಲ. ಮಣ್ಣಿನಲ್ಲಿ ಉಳಿದ ಬೀಜಗಳು ಮೊದಲ ಮಳೆಗೇ ಹಸಿರು ಚಾಪೆಯಾಗಿ ಏಳುತ್ತವೆ. ಹಕ್ಕಿಗಳು ಕೂರುವ ಒಂಟಿ ಮರಗಳ ಕೆಳಗಂತೂ ಹಿಕ್ಕೆಯೊಡನೆ ಬಿದ್ದ ಹೊಸ ಬೀಜಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ಒಂದು ವರ್ಷ ಎಷ್ಟು ಜಾಗವನ್ನು ಮುಂದಿನ ಎರಡು ಮೂರು ಮಳೆಗಾಲ ಕಳೆ ಕಿತ್ತು ಕಾಯಲು ಸಾಧ್ಯವೋ ಅಷ್ಟನ್ನು ಮಾತ್ರ ತೆರವು ಮಾಡುವುದೆಂದು ನಿಯಮ ಮಾಡಿಕೊಂಡೆವು. ಬರಿದಾದ ನೆಲಕ್ಕೆ ಅದೇ ಜಮೀನಿನ ಹುಲ್ಲಿನ ಬೀಜವನ್ನು ಕಟಾವು ಮಾಡಿ ತಂದು ಚೆಲ್ಲಿದೆವು. ಹುಲ್ಲು ಹಿಡಿದ ಕಡೆ ಲಂಟಾನದ ಮೊಳಕೆ ಗಮನಾರ್ಹವಾಗಿ ಕಡಿಮೆಯಾಯಿತು. ಕಳೆ ತೆಗೆಯಲು ಅನುದಾನ ಕೊಡುವವರು ಸಿಗುತ್ತಾರೆ, ಆದರೆ ತೆಗೆದ ಜಾಗವನ್ನು ಮೂರು ವರ್ಷ ಕಾಯಲು ಕೊಡುವವರು ಅಪರೂಪ. ಈ ಕ್ಷೇತ್ರದಲ್ಲಿ ವ್ಯರ್ಥವಾಗುವ ಶ್ರಮದ ದೊಡ್ಡ ಪಾಲು ಇಲ್ಲಿಯೇ ಸೋರಿಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೀಜದ ಕೆಲಸ ವರ್ಷಪೂರ್ತಿಯದು, ಮತ್ತು ನನಗೆ ಅತ್ಯಂತ ಪ್ರಿಯವಾದದ್ದು. ಯಾವ ಮರ ಯಾವಾಗ ಹಣ್ಣಾಗುತ್ತದೆ ಎಂಬ ಪಂಚಾಂಗವನ್ನು ನಾವೇ ಬರೆದುಕೊಳ್ಳಬೇಕಾಯಿತು, ಏಕೆಂದರೆ ಒಂದೇ ಜಾತಿಯ ಮರ ಹಳ್ಳದ ಬದಿಯಲ್ಲಿ ಒಂದು ಕಾಲಕ್ಕೂ ಗುಡ್ಡದ ಮೇಲೆ ಮತ್ತೊಂದು ಕಾಲಕ್ಕೂ ಮಾಗುತ್ತದೆ. ಒಂದೇ ದೊಡ್ಡ ಮರದ ಅಡಿಯಲ್ಲಿ ಚೀಲ ತುಂಬಿಸಿಕೊಂಡು ಬರುವುದು ಸುಲಭ. ಆದರೆ ಹಾಗೆ ಬೆಳೆಸಿದ ಸಸಿಗಳೆಲ್ಲ ಒಂದೇ ತಾಯಿಯ ಮಕ್ಕಳಾಗಿ, ಮುಂದೆ ರೋಗಕ್ಕೂ ಬರಗಾಲಕ್ಕೂ ಒಟ್ಟಿಗೇ ಬಲಿಯಾಗುವ ಅಪಾಯವಿರುತ್ತದೆ. ಆದ್ದರಿಂದ ದೂರದೂರದ ಹಲವು ಮರಗಳಿಂದ ಸ್ವಲ್ಪ ಸ್ವಲ್ಪವೇ ಆರಿಸಿ, ಪ್ರತಿ ಮರದ ಅಡಿಯಲ್ಲೂ ಪ್ರಾಣಿಪಕ್ಷಿಗಳಿಗೆಂದು ಹೆಚ್ಚಿನ ಪಾಲನ್ನು ಬಿಟ್ಟುಬರುತ್ತಿದ್ದೆವು. ಅರಣ್ಯ ಇಲಾಖೆಯ ನೆಲದಿಂದ ಒಂದು ಬೀಜ ತರಬೇಕಾದರೂ ಅನುಮತಿ ಬೇಕು. ಹಾಗಾಗಿ ನಮ್ಮ ಸಂಗ್ರಹದ ಬಹುಪಾಲು ರಸ್ತೆಬದಿಯ ಸಾಲುಮರಗಳು, ದೇವರಕಾಡುಗಳ ಹೊರ ಅಂಚು ಮತ್ತು ಒಪ್ಪಿಗೆ ಕೊಟ್ಟ ರೈತರ ಬದುಗಳಿಂದ ಬಂತು.

ಎಲ್ಲ ಬೀಜಗಳ ಸ್ವಭಾವ ಒಂದಲ್ಲ. ನೇರಳೆ, ಹಲಸು, ರಾಮಪತ್ರೆಯಂತಹವು ತೇವ ಆರಿದರೆ ಜೀವ ಕಳೆದುಕೊಳ್ಳುತ್ತವೆ. ಹಣ್ಣು ಬಿದ್ದ ಕೆಲವೇ ದಿನಗಳೊಳಗೆ ತಿರುಳು ತೊಳೆದು ಬಿತ್ತಬೇಕು. ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಎಂದರೆ ಆಗದು. ಕಕ್ಕೆ, ಬಾಗೆಯ ಬೀಜಗಳು ಇದಕ್ಕೆ ವಿರುದ್ಧ. ಗಟ್ಟಿ ಸಿಪ್ಪೆಯೊಳಗೆ ವರ್ಷಗಟ್ಟಲೆ ಕಾಯಬಲ್ಲವು. ಒಲೆಯಿಂದ ಇಳಿಸಿದ ಬಿಸಿನೀರು ಹೊಯ್ದು ರಾತ್ರಿಯಿಡೀ ನೆನೆಸಿದರೆ ಊದಿಕೊಂಡವು ಮೊಳೆಯುತ್ತವೆ, ಊದದವಕ್ಕೆ ಇನ್ನೊಮ್ಮೆ ಅದೇ ಉಪಚಾರ. ನೆಲ್ಲಿಯ ಗೊರಟೆಯನ್ನು ಬಿಸಿಲಿಗೆ ಹರವಿದರೆ ಅದೇ ಸಿಡಿದು ಒಳಗಿನ ಸಣ್ಣ ಬೀಜಗಳು ಹೊರಬರುತ್ತವೆ. ಜಿಂಕೆಗಳು ಹಗಲು ಮಲಗಿ ಮೆಲುಕು ಹಾಕುವ ಮರದಡಿಯಲ್ಲಿ ಉಗುಳಿದ ನೆಲ್ಲಿ ಮತ್ತು ತಾರೆಯ ಗೊರಟೆಗಳು ತಿರುಳಿಲ್ಲದೆ ಶುದ್ಧವಾಗಿ ಸಿಗುವುದನ್ನು ಕಂಡುಕೊಂಡ ಮೇಲೆ ನಮ್ಮ ಅರ್ಧ ಶ್ರಮ ಉಳಿತಾಯವಾಯಿತು. ಈ ಮರಗಳ ಬೀಜ ಕಾಡಿನಲ್ಲಿ ಹರಡುವುದೂ ಹಾಗೆಯೇ. ದಿಂಡಿಗದ ಬೀಜವನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಬಹುತೇಕ ಎಲ್ಲವೂ ಟೊಳ್ಳು. ಅಷ್ಟು ಸಾಮಾನ್ಯವಾದ ಮರ ಬೀಜದಿಂದ ಇಷ್ಟು ಕಷ್ಟಪಟ್ಟು ಹುಟ್ಟುತ್ತದೆ ಎಂದು ತಿಳಿದಾಗ, ನೆತ್ತಿಯಲ್ಲಿ ಆಗಲೇ ನಿಂತಿದ್ದ ದಿಂಡಿಗಗಳ ಬೆಲೆ ನಮ್ಮ ಕಣ್ಣಿನಲ್ಲಿ ಏರಿತು.

ಅತ್ತಿ, ಬಸರಿ, ಗೋಳಿಯ ಜಾತಿಗೆ ವಿಶೇಷ ಗಮನ ಕೊಟ್ಟೆವು, ಏಕೆಂದರೆ ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲಿ ಹಕ್ಕಿ, ಬಾವಲಿ, ಮಂಗಗಳನ್ನು ಪೊರೆಯುವ ಮರಗಳು ಇವು. ಅವುಗಳನ್ನು ಹುಡುಕಿಕೊಂಡು ಬರುವ ಪ್ರಾಣಿಗಳು ಬೇರೆ ಹತ್ತಾರು ಜಾತಿಯ ಬೀಜಗಳನ್ನೂ ತರುತ್ತವೆ. ಹಣ್ಣನ್ನು ನೀರಿನಲ್ಲಿ ಹಿಸುಕಿದಾಗ ಕೆಳಗೆ ತಂಗಿದ ಸಾಸಿವೆಗಿಂತ ಸಣ್ಣ ಬೀಜಗಳನ್ನು ಇದ್ದಿಲಿನ ಚೂರು ಮತ್ತು ಇಟ್ಟಿಗೆ ಪುಡಿಯ ಮೇಲೆ ಉದುರಿಸಿ, ಮೇಲಿಂದ ನೀರು ಹಾಕದೆ ತಟ್ಟೆಯ ಕೆಳಗಿನಿಂದ ಹೀರಿಕೊಳ್ಳುವಂತೆ ಇಟ್ಟೆವು. ಮೇಲಿಂದ ನೀರು ಹನಿಸಿದರೆ ಮೊಳಕೆ ಕೊಚ್ಚಿಹೋಗುತ್ತದೆ, ಇಲ್ಲವೇ ಬೂಷ್ಟು ಹಿಡಿದು ಕೊಳೆಯುತ್ತದೆ. ನಾಲ್ಕೆಲೆ ಬಂದ ಮೇಲೆ ಚಿಮಟದಿಂದ ಒಂದೊಂದನ್ನೇ ಎತ್ತಿ ಚೀಲಕ್ಕೆ ಕೂರಿಸುವುದು ತಾಳ್ಮೆಯ ಕೆಲಸ. ನಮ್ಮಲ್ಲಿ ಅದನ್ನು ಅತ್ಯಂತ ಚೆನ್ನಾಗಿ ಮಾಡುತ್ತಿದ್ದವರು ನರ್ಸರಿಯಲ್ಲಿ ದುಡಿಯಲು ಬರುತ್ತಿದ್ದ ಹಿರಿಯ ಹೆಂಗಸರು. ಯಾವ ಮೊಳಕೆ ಯಾವ ಮರದ್ದೆಂದು ಅವರು ಮೊದಲ ಜೋಡಿ ಎಲೆಯಲ್ಲೇ ಹೇಳುತ್ತಿದ್ದರು.

ನರ್ಸರಿಯ ಉಳಿದ ವಿವರ ಎಲ್ಲರಿಗೂ ತಿಳಿದದ್ದೇ. ಎರಡು ಮಾತು ಮಾತ್ರ ಹೇಳುತ್ತೇನೆ. ಚೀಲದಲ್ಲಿ ಬಹಳ ಕಾಲ ನಿಂತ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತುತ್ತದೆ. ನೆಟ್ಟ ಮೇಲೂ ಆ ಸುರುಳಿ ಬಿಚ್ಚದೆ, ಕೆಲವು ವರ್ಷ ಚೆನ್ನಾಗಿ ಬೆಳೆದಂತೆ ಕಂಡ ಗಿಡ ಗಾಳಿಗೋ ಬರಕ್ಕೋ ಉರುಳುತ್ತದೆ. ಆದ್ದರಿಂದ ಎತ್ತರದ ಸಸಿಯೇ ಒಳ್ಳೆಯ ಸಸಿ ಎಂಬ ನಂಬಿಕೆಯನ್ನು ಬಿಡಬೇಕು. ಕಾಂಡ ಗಿಡ್ಡವಾಗಿ ಗಟ್ಟಿಯಾಗಿದ್ದು ಬೇರು ನೇರವಾಗಿರುವ ಸಸಿಯೇ ಬದುಕುತ್ತದೆ. ಎರಡನೆಯದು, ನೆಡುವ ಮುನ್ನ ಕೆಲವು ವಾರ ನೆರಳನ್ನು ತೆಗೆದು, ನೀರನ್ನು ಕ್ರಮೇಣ ಕಡಿಮೆ ಮಾಡಿ ಸಸಿಯನ್ನು ಬಿಸಿಲಿಗೆ ಒಗ್ಗಿಸುವುದು. ಇದನ್ನು ಬಿಟ್ಟರೆ ಹಿಂದಿನ ಶ್ರಮವೆಲ್ಲ ಮೊದಲ ಬಿಸಿಲಿಗೆ ಬಾಡುತ್ತದೆ. ಚೀಲದ ಮಣ್ಣಿಗೆ ಅದೇ ಜಾತಿಯ ದೊಡ್ಡ ಮರದ ಬುಡದ ಮಣ್ಣನ್ನು ಒಂದು ಹಿಡಿ ಬೆರೆಸುತ್ತಿದ್ದೆವು, ಬೇರಿಗೆ ಜೊತೆಯಾಗುವ ಶಿಲೀಂಧ್ರಗಳು ಅದರೊಂದಿಗೆ ಬರಲೆಂದು.

ನಡುವಿನ ಇಳಿಜಾರಿನಲ್ಲಿ ಹೇಗೆ ನೆಡಬೇಕೆಂಬ ಬಗ್ಗೆ ನಮ್ಮೊಳಗೆ ದೀರ್ಘ ಚರ್ಚೆಯಾಯಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ಹುಟ್ಟಿ ಥಾಯ್ಲೆಂಡಿನಲ್ಲಿ ಬೆಳೆದ ಚೌಕಟ್ಟು ಜಾತಿಗಳ ವಿಧಾನವಿದೆ. ಬೇಗ ನೆರಳು ಕೊಟ್ಟು ಕಳೆಯನ್ನು ಅಡಗಿಸುವ, ಹಣ್ಣಿನಿಂದ ಹಕ್ಕಿಗಳನ್ನು ಕರೆಯುವ 20ರಿಂದ 30 ಸ್ಥಳೀಯ ಜಾತಿಗಳನ್ನು ಆರಿಸಿ, ಸುಮಾರು 1.8 ಮೀಟರ್ ಅಂತರದಲ್ಲಿ ನೆಟ್ಟು, ಉಳಿದ ಜಾತಿಗಳನ್ನು ಪ್ರಾಣಿಗಳೇ ತರುವಂತೆ ಮಾಡುವುದು ಅದರ ಸಾರ. ಕೋಸ್ಟರಿಕಾದಲ್ಲಿ ಕ್ಯಾರೆನ್ ಹಾಲ್ ಮತ್ತು ರಾಕನ್ ಜಹಾವಿ ನಡೆಸಿದ ಪ್ರಯೋಗಗಳಲ್ಲಿ ಇಡೀ ನೆಲವನ್ನು ತುಂಬುವ ಬದಲು ಅಲ್ಲಲ್ಲಿ ದ್ವೀಪಗಳಂತೆ ಗುಂಪುಗುಂಪಾಗಿ ನೆಟ್ಟು, ಅವು ಹೊರಕ್ಕೆ ಹರಡುತ್ತ ಒಂದಾಗುವಂತೆ ಬಿಡಲಾಯಿತು. ಉಷ್ಣವಲಯದ ತೇವದ ಕಾಡಿನಲ್ಲಿ ಬಹುಪಾಲು ಮರಗಳ ಬೀಜವನ್ನು ಹರಡುವುದು ಪ್ರಾಣಿಪಕ್ಷಿಗಳು. ಬಟ್ಟಬಯಲಿಗೆ ಬರಲು ಹಿಂಜರಿಯುವ ಹಕ್ಕಿ ಮರದ ಗುಂಪಿದ್ದರೆ ಬಂದು ಕೂರುತ್ತದೆ. ನಮ್ಮಲ್ಲಿ ಹಳ್ಳದ ಮರಗಳು ಹತ್ತಿರದಲ್ಲೇ ಇದ್ದುದರಿಂದ ದ್ವೀಪಗಳ ಕ್ರಮವನ್ನು ಆರಿಸಿಕೊಂಡೆವು. ಹಳ್ಳದಿಂದ ದೂರದ ಮೇಲಂಚಿನಲ್ಲಿ ಮಾತ್ರ ಗುಂಪುಗಳನ್ನು ಒತ್ತೊತ್ತಾಗಿ ನೆಟ್ಟೆವು. ಗುಂಪಿನ ಹೊರಸುತ್ತಿಗೆ ಚಂದಕಲ, ಬಾಗೆ, ಬೂರುಗದಂತಹ ಬೇಗ ಬೆಳೆಯುವವು. ನಡುವೆ ಅತ್ತಿ, ನೇರಳೆ, ನಂದಿ, ಬೀಟೆ, ತಾರೆ.

ಗುಂಡಿಗಳನ್ನು ಬೇಸಿಗೆಯ ಕೊನೆಯಲ್ಲಿ ತೋಡಿ, ಮೇಲ್ಮಣ್ಣನ್ನು ಒಂದು ಬದಿಗೂ ಕೆಳಮಣ್ಣನ್ನು ಇನ್ನೊಂದು ಬದಿಗೂ ಹಾಕಿ ಬಿಸಿಲಿಗೆ ಬಿಟ್ಟೆವು. ಮೊದಲ ಮಳೆಗೇ ಆತುರಪಡಲಿಲ್ಲ. ನೆಲ ಆಳದವರೆಗೆ ನೆನೆದು, ಆರಿದ್ರದ ಮಳೆ ಒಂದೇ ಸಮನೆ ಹಿಡಿದುಕೊಂಡ ಮೇಲೆ ನೆಟ್ಟೆವು. ಸಸಿಗೆ ಮೊದಲ ಬೇಸಿಗೆಯನ್ನು ದಾಟಿಸುವುದು ಮಳೆಗಾಲದಲ್ಲಿ ಅದು ಇಳಿಸಿದ ಬೇರಿನ ಆಳವೇ ಹೊರತು ನಾವು ಹೊತ್ತು ಹಾಕುವ ನೀರಲ್ಲ. ಆದ್ದರಿಂದ ಮಳೆಗಾಲದ ಒಂದೊಂದು ವಾರಕ್ಕೂ ಬೆಲೆಯಿದೆ. ಬುಡಕ್ಕೆ ಕೊಯ್ದ ಹುಲ್ಲು ಮತ್ತು ತರಗೆಲೆಯ ದಪ್ಪ ಹೊದಿಕೆ, ಸುತ್ತ ಒಂದು ತೋಳಿನಷ್ಟು ಅಗಲಕ್ಕೆ ಕಳೆ ಕೀಳುವುದು, ಮೊಲ ಮತ್ತು ಜಿಂಕೆ ಬಾಯಿ ಹಾಕದಂತೆ ಮುಳ್ಳು ಕೊಂಬೆಯ ಆಸರೆ. ಸಹಜವಾಗಿ ಹುಟ್ಟಿದ ಮರಿಗಳಿಗೂ ಇದೇ ಆರೈಕೆ ಕೊಟ್ಟೆವು. ಫಿಲಿಪ್ಪೀನ್ಸಿನಲ್ಲಿ ಹುಲ್ಲನ್ನು ಕೊಯ್ಯುವ ಬದಲು ಹಲಗೆಯಿಂದ ತುಳಿದು ಮಲಗಿಸುವ ರೂಢಿಯಿದೆ: ಕೊಯ್ದ ಹುಲ್ಲು ಮತ್ತೆ ಚಿಗುರುತ್ತದೆ, ಬಾಗಿ ಮಲಗಿದ್ದು ತನ್ನಡಿಯ ಹುಲ್ಲನ್ನೂ ಅಡಗಿಸುತ್ತದೆ. ಮರಿಗಳ ಸುತ್ತಲಿನ ಒತ್ತು ಹುಲ್ಲಿಗೆ ಇದು ನಮ್ಮಲ್ಲೂ ಚೆನ್ನಾಗಿ ಹಿಡಿಸಿತು.

ಬೆಂಕಿಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ಹಳ್ಳದ ಬದಿಗೆ ಮತ್ತು ಹೊಸ ದ್ವೀಪಗಳಿಗೆ ಬೆಂಕಿ ಎಂದರೆ ಸಾವು. ಅಲ್ಲಿನ ತೆಳು ತೊಗಟೆಯ ಜಾತಿಗಳು ಒಂದೇ ಉರಿಗೆ ಹೋಗುತ್ತವೆ. ಆದರೆ ಹುಲ್ಲುಗಾವಲಿನಿಂದ ಬೆಂಕಿಯನ್ನು ಸಂಪೂರ್ಣವಾಗಿ ಹೊರಗಿಟ್ಟರೆ ಒಣಹುಲ್ಲು ವರ್ಷವರ್ಷ ಪೇರಿಸಿಕೊಂಡು, ಕೊನೆಗೆ ಬಂದ ಬೆಂಕಿ ಮರದ ನೆತ್ತಿಯನ್ನೂ ಸುಡುವಷ್ಟು ಭೀಕರವಾಗುತ್ತದೆ. ಈ ನಡುವೆ ಹುಲ್ಲು ಸೊರಗಿ ಪೊದೆ ನುಗ್ಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆಯೇ ತರಗೆಲೆಯನ್ನು ಮಾತ್ರ ಸುಡುವ ತಣ್ಣನೆಯ ‘ತರಗು ಬೆಂಕಿ’ಯನ್ನು ಹಿಂದೆ ಹಾಕುತ್ತಿದ್ದರು. ಆ ಬೆಟ್ಟ 1974ರಲ್ಲಿ ವನ್ಯಧಾಮವಾದ ಮೇಲೆ ಆ ರೂಢಿ ನಿಂತಿತು, ಅದು ನಿಂತದ್ದೇ ಲಂಟಾನ ಹಬ್ಬಲು ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅಲ್ಲಿಯೇ ನಡೆದ ಅಧ್ಯಯನವೊಂದರ ಪ್ರಕಾರ 1997ರಿಂದ 2008ರ ಹೊತ್ತಿಗೆ ಲಂಟಾನ ಕಂಡುಬಂದ ತಾಣಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಸೋಲಿಗರ ಮಾತನ್ನು ಇನ್ನೂ ಮುಂಚೆ, ಇನ್ನೂ ಗಂಭೀರವಾಗಿ ಕೇಳಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಾಡಿನ ಅಂಚಿನಲ್ಲಿ ನಾವಾಗಿಯೇ ಬೆಂಕಿ ಹಾಕುವಂತಿಲ್ಲ. ಕಾನೂನು ಒಪ್ಪುವುದಿಲ್ಲ, ನೆರೆಯ ಜಮೀನುಗಳ ಸುರಕ್ಷತೆಯೂ ಒಪ್ಪುವುದಿಲ್ಲ. ಹಾಗಾಗಿ ಬೆಂಕಿಯ ಕೆಲಸದ ಒಂದು ಭಾಗವನ್ನು ಬೇರೆ ರೀತಿಯಲ್ಲಿ ಮಾಡಿಸಿದೆವು. ನೆತ್ತಿಯ ಹುಲ್ಲನ್ನು ಪಟ್ಟಿಪಟ್ಟಿಯಾಗಿ, ಒಂದು ವರ್ಷ ಒಂದು ಭಾಗ, ಮುಂದಿನ ವರ್ಷ ಇನ್ನೊಂದು ಭಾಗ ಎಂಬಂತೆ, ಬೀಜ ಉದುರಿದ ಮೇಲೆ ಕೊಯ್ಯಲು ದನಗಾಹಿಗಳಿಗೆ ಬಿಟ್ಟುಕೊಟ್ಟೆವು. ಕೆಲವು ತಿಂಗಳು ದನಗಳನ್ನೂ ಬಿಟ್ಟೆವು. ಇಳಿಜಾರಿಗೂ ಹುಲ್ಲುಗಾವಲಿಗೂ ನಡುವೆ, ಬೆಂಕಿ ದಾಟದಂತೆ ಹುಲ್ಲು ತೆಗೆದ ಅಗಲವಾದ ಬೆಂಕಿ ರೇಖೆಯನ್ನು ಪ್ರತಿ ವರ್ಷ ಬೇಸಿಗೆಗೆ ಮುಂಚೆ ಕೆತ್ತಿ ಗುಡಿಸಿದೆವು. ಹುಲ್ಲು ಬೇಕಾದವರಿಗೆ ಹುಲ್ಲು ಸಿಕ್ಕಿದಾಗ ಬೆಂಕಿಯ ಕಾವಲಿಗೆ ಅವರೇ ಮೊದಲಿಗರಾಗಿ ನಿಂತರು. ದನವನ್ನು ಪೂರ್ತಿಯಾಗಿ ಹೊರಗಿಡುವ ಬೇಲಿಯಿಂದ ಇದು ಸಾಧ್ಯವಾಗುತ್ತಿರಲಿಲ್ಲ.

ಈ ಕ್ರಮದಿಂದ ನೆತ್ತಿಯಲ್ಲಿ ಆದದ್ದನ್ನು ಅಜ್ಜನವರು ಮೊದಲೇ ಹೇಳಿದ್ದರು. ಸರದಿಯ ಮೇವಿನಲ್ಲಿ ಬಿಡುವು ಪಡೆದ ಭಾಗಗಳಲ್ಲಿ ಹೊನ್ನೆ, ಕವಲು, ಮತ್ತಿ, ಕಕ್ಕೆಗಳ ಹಳೆಯ ಬೇರುಗಳಿಂದ ಎದ್ದ ಕಾಂಡಗಳು ನಾವು ಕೆಳಗೆ ನೆಟ್ಟ ಸಸಿಗಳನ್ನು ಎತ್ತರದಲ್ಲಿ ಹಿಂದೆ ಹಾಕಿದವು. ಅಲ್ಲಿ ನಾವು ಒಂದು ಸಸಿಯನ್ನೂ ನೆಟ್ಟಿರಲಿಲ್ಲ. ಇಳಿಜಾರಿನ ದ್ವೀಪಗಳಲ್ಲಿ ಚಂದಕಲದ ಅಗಲ ಎಲೆಗಳ ನೆರಳು ಕೂಡಿಕೊಂಡ ಮೇಲೆ ಲಂಟಾನದ ಮೊಳಕೆಗಳು ತಾವಾಗಿ ಸೊರಗಿದವು. ಪಿಕಳಾರಗಳೂ ಕುಟ್ರುಹಕ್ಕಿಗಳೂ ಬರತೊಡಗಿದ ನಂತರ ನಾವು ನೆಡದ ಜಾತಿಗಳ ಮೊಳಕೆಗಳು ಮರದಡಿಯಲ್ಲಿ ಕಂಡವು. ದೊಡ್ಡ ಬೀಜದ ಜಾತಿಗಳು ಮಾತ್ರ ಹಾಗೆ ಬರಲಿಲ್ಲ. ರಾಮಪತ್ರೆಯಂತಹ ಬೀಜವನ್ನು ನುಂಗಿ ದೂರ ಒಯ್ಯಬಲ್ಲದ್ದು ಮಂಗಟ್ಟೆಯಂತಹ ದೊಡ್ಡ ಹಕ್ಕಿ, ಮಂಗಟ್ಟೆಗೆ ಎಳೆಯ ಕಾಡು ಸಾಲದು. ಇಂತಹವನ್ನು ನೆರಳು ಸಿದ್ಧವಾದ ಮೇಲೆ ಮನುಷ್ಯರೇ ತಂದು ನೆಡಬೇಕು. ತಮಿಳುನಾಡಿನ ಆನೆಮಲೆಯ ವಾಲ್ಪಾರೆ ಪ್ರಸ್ಥಭೂಮಿಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎರಡು ದಶಕಗಳಿಗೂ ಮಿಗಿಲಾಗಿ ಮಳೆಕಾಡಿನ ತುಂಡುಗಳಲ್ಲಿ ಮಾಡಿರುವ ಕೆಲಸ ಇದಕ್ಕೆ ಸಾಕ್ಷಿ. ಹಲವು ಸ್ಥಳೀಯ ಜಾತಿಗಳನ್ನು ನೆಟ್ಟು ಕಾಪಾಡಿದ ತುಂಡುಗಳು, ಹಾಗೆಯೇ ಬಿಟ್ಟ ಹಾಳುಬಿದ್ದ ತುಂಡುಗಳಿಗಿಂತ ಮರಗಳ ವೈವಿಧ್ಯದಲ್ಲೂ ಇಂಗಾಲದ ಸಂಗ್ರಹದಲ್ಲೂ ಮುಂದಿವೆ ಎಂದು ಅಲ್ಲಿನ ಅಧ್ಯಯನ ತೋರಿಸಿದೆ.

ಜಮೀನು ನೋಡಲು ಬರುವವರು ಇಂದಿಗೂ ಮೊದಲು ಕೇಳುವುದು ಎಷ್ಟು ಸಸಿ ನೆಟ್ಟಿರಿ ಎಂದು. ಆ ಪ್ರಶ್ನೆಯನ್ನು ನಾನು ಈಗ ಸೌಜನ್ಯದಿಂದಲೇ ಬದಿಗಿಟ್ಟು, ಮೂರು ಬೇಸಿಗೆ ದಾಟಿ ನಿಂತವು ಎಷ್ಟು, ಯಾವ ಯಾವ ಜಾತಿ, ನೆಡದೆ ಬಂದವು ಎಷ್ಟು ಎಂಬ ಪಟ್ಟಿಯನ್ನು ಅವರ ಮುಂದಿಡುತ್ತೇನೆ. ಸಸಿಗಳ ಸಂಖ್ಯೆಯೇ ಗುರಿಯಾದಾಗ ಏನಾಗುತ್ತದೆ ಎಂಬುದಕ್ಕೆ ಜಾಗತಿಕ ಉದಾಹರಣೆಯೇ ಇದೆ. 2030ರೊಳಗೆ 35 ಕೋಟಿ ಹೆಕ್ಟೇರ್ ನೆಲವನ್ನು ಪುನಶ್ಚೇತನಗೊಳಿಸುವ ಗುರಿಯ, 2011ರಲ್ಲಿ ಆರಂಭವಾದ ಬಾನ್ ಸವಾಲಿಗೆ ಸಂಬಂಧಿಸಿ ದೇಶಗಳು ಪ್ರಕಟಿಸಿದ ಯೋಜನೆಗಳನ್ನು 2019ರಲ್ಲಿ ವಿಜ್ಞಾನಿಗಳು ಪರಿಶೀಲಿಸಿದಾಗ, ಸುಮಾರು ಶೇಕಡಾ 45ರಷ್ಟು ನೆಲ ವಾಣಿಜ್ಯ ನೆಡುತೋಪುಗಳಿಗೆ ಮೀಸಲಾಗಿತ್ತು. ನೀಲಗಿರಿ, ಅಕೇಶಿಯಾದ ಸಾಲುಗಳನ್ನೂ ಕಾಡು ಎಂದು ಎಣಿಸಿದರೆ ಲೆಕ್ಕ ತುಂಬುತ್ತದೆ, ಕಾಡು ತುಂಬುವುದಿಲ್ಲ.

ಕಾಲದ ಬಗ್ಗೆಯೂ ಪ್ರಾಮಾಣಿಕವಾಗಿರಬೇಕು. ಅಮೆರಿಕ ಮತ್ತು ಪಶ್ಚಿಮ ಆಫ್ರಿಕದ ಉಷ್ಣವಲಯದಲ್ಲಿ, ಬಿಟ್ಟ ಹೊಲಗಳ ಮೇಲೆ ತಾನಾಗಿ ಬೆಳೆದ ಕಾಡುಗಳನ್ನು ಅಳೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, 20 ವರ್ಷಗಳಲ್ಲಿ ಅವು ಹಳೆಯ ಕಾಡಿನ ಗುಣಗಳಲ್ಲಿ ಸರಾಸರಿ ಶೇಕಡಾ 78ರಷ್ಟನ್ನು ಮರಳಿ ಪಡೆದಿದ್ದವು. ಮಣ್ಣು ಹತ್ತು ವರ್ಷದೊಳಗೇ ಚೇತರಿಸಿಕೊಂಡರೆ, ಜೀವರಾಶಿಯ ಒಟ್ಟು ತೂಕ ಮತ್ತು ಜಾತಿಗಳ ಮೂಲ ಸಂಯೋಜನೆ ಮರಳಲು 120 ವರ್ಷಕ್ಕೂ ಹೆಚ್ಚು ಬೇಕು. ಇದರಲ್ಲಿ ನನಗೆ ಧೈರ್ಯವೂ ಎಚ್ಚರವೂ ಎರಡೂ ಕಾಣುತ್ತವೆ: ಆರಂಭವನ್ನು ನಮ್ಮ ಕಾಲದಲ್ಲೇ ಕಾಣಬಹುದು, ಪೂರ್ತಿಯಾಗುವುದನ್ನು ಕಾಣಲಾರೆವು. ಆದ್ದರಿಂದ ಚೌಕಗಳ ನಕ್ಷೆ, ಜಾತಿಗಳ ಪಟ್ಟಿ, ಹಣ್ಣಾಗುವ ಕಾಲದ ಟಿಪ್ಪಣಿಗಳನ್ನು ನಮ್ಮ ನಂತರ ಬರುವವರು ಓದಿ ಮುಂದುವರಿಸುವಂತೆ ಬರೆದಿಡುತ್ತಿದ್ದೇವೆ.

ಮುಂದಿನ ಮಳೆಗಾಲಕ್ಕೆ ಎರಡು ಕೆಲಸಗಳಿವೆ. ದ್ವೀಪಗಳೊಳಗೆ ಚಂದಕಲದ ಕೆಲವು ಕೊಂಬೆಗಳನ್ನು ಸವರಿ ಬೆಳಕು ಬಿಟ್ಟು, ಎರಡು ವರ್ಷ ನರ್ಸರಿಯಲ್ಲಿ ಬೆಳೆದ ರಾಮಪತ್ರೆ, ಹಲಸು, ಸಂಪಿಗೆಯ ಸಸಿಗಳನ್ನು ಅದರಡಿಯಲ್ಲಿ ನೆಡಬೇಕು. ಇಳಿಜಾರಿನ ಮೇಲಂಚಿನಲ್ಲಿ ಚಂದಕಲದ ಮರಿಗಳು ಬೆಂಕಿ ರೇಖೆಯನ್ನು ದಾಟಿ ಹುಲ್ಲುಗಾವಲಿನೊಳಗೆ ಕಾಲಿಡುತ್ತಿವೆ. ಸ್ಥಳೀಯ ಮರವೇ ಆದರೂ ಅಲ್ಲಿ ಅದಕ್ಕೆ ಜಾಗವಿಲ್ಲ ಎಂದು ತೀರ್ಮಾನಿಸಿ ಅವುಗಳನ್ನು ಕೀಳುತ್ತಿದ್ದೇವೆ, ಕಿತ್ತ ಜಾಗಕ್ಕೆ ಹುಲ್ಲಿನ ಬೀಜ ಹಾಕುತ್ತಿದ್ದೇವೆ. ಮರ ಬೆಳೆಸಲು ಬಂದವರು ಮರ ಕೀಳುವುದೇಕೆ ಎಂದು ಗುಂಪಿಗೆ ಹೊಸದಾಗಿ ಸೇರಿದವರು ಕೇಳುತ್ತಾರೆ. ಅವರನ್ನು ಹುಲ್ಲಿನ ನಡುವೆ ಕರೆದೊಯ್ದು, ಒಂದು ಹೊನ್ನೆಯ ಕುಡಿಯ ಬುಡವನ್ನು ಅಗೆದು ತೋರಿಸಿ, ಮಣ್ಣು ಮುಚ್ಚಿ, ಅದರ ಸುತ್ತ ನೆರಳು ಬೀಳದಂತೆ ನೋಡಿಕೊಳ್ಳುವ ಕೆಲಸವನ್ನು ಅವರಿಗೇ ಒಪ್ಪಿಸುತ್ತೇವೆ.